ಮೆಕ್ಕೆಜೋಳದ ದಂಟಿಗೆ ಬೇಲರ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ಕಡೆ. ಕಂಬೈನ್‌ನಲ್ಲಿ ಮೆಕ್ಕೆಜೋಳ ಕೊಯ್ಲಾಯ್ತು. ದಂಟನ್ನು ಮೇವಿಗೆ ಕಟ್ಟಿಸೋಣ ಅಂತ ಚೌಕ ಪೆಂಡಿ ಕಟ್ಟೋ ಮಷಿನ್ (ಬೇಲರ್) ಬಾಡಿಗೆಗೆ ತಂದೆವು. ಬಾಯಿ ಕಟ್ಟಿಕೊಂಡು ಶಿಯರ್ ಬೋಲ್ಟ್ (ಲೋಡ್ ಹೆಚ್ಚಾದರೆ ಮೊದಲು ಮುರಿಯೋ ಬೋಲ್ಟ್) ಮುರಿಯುತ್ತಲೇ ಇದೆ. ಭತ್ತದ ಹುಲ್ಲಿಗೆ ಇದೇ ಮಷಿನ್ ಚೆನ್ನಾಗಿ ಓಡಿತ್ತು. ಟ್ರ್ಯಾಕ್ಟರ್ 50 ಎಚ್‌ಪಿ.

ಉತ್ತರ: ಟ್ರ್ಯಾಕ್ಟರ್ ಸಾಕು ಅಣ್ಣ, ಮೊದಲು ಬೇಲರ್ ಎತ್ತಿಕೊಳ್ಳೋ ದಂಟಿನ ಸಾಲು ನೋಡಿ. ಭತ್ತದ ಹುಲ್ಲು ಬಾಗುತ್ತೆ, ದಂಟು ಬಾಗಲ್ಲ. ಉದ್ದ ದಂಟೊಂದು ಬಾಯಲ್ಲಿ ಅಡ್ಡ ನಿಂತರೆ ಹಿಂದೆ ಬರೋದೆಲ್ಲ ಅಲ್ಲೇ ಗುಡ್ಡೆಯಾಗುತ್ತೆ. ಹೊಲಕ್ಕೆ ಒಮ್ಮೆ ಮಲ್ಚರ್ (ದಂಟು ತುಂಡು ಮಾಡೋ ಮಷಿನ್) ಹೊಡೆಸಿ, ಆದರೆ ಪುಡಿ ಮಾಡಿಸಬೇಡಿ, ಎಲೆಯೆಲ್ಲ ನೆಲದಲ್ಲೇ ಉಳಿಯುತ್ತೆ. ರೊಟಾವೇಟರ್ ಬೇಡವೇ ಬೇಡ: ಕೂಳೆ ಬೇರು ಸಮೇತ ಎದ್ದು, ಮಣ್ಣು ಕಲ್ಲು ಬೇಲರ್ ಒಳಗೆ ಹೋಗುತ್ತೆ.

ಆಮೇಲೆ ದಂಟನ್ನು ಒಟ್ಟುಗೂಡಿಸೋ ರೇಕ್‌ನಲ್ಲಿ ಸಾಲು ಮಾಡಿ. ಸಾಲು ಪಿಕಪ್‌ಗಿಂತ (ನೆಲದಿಂದ ದಂಟು ಎತ್ತಿಕೊಳ್ಳೋ ಹಲ್ಲಿನ ಭಾಗ) ಅಗಲ ಇರಬಾರದು, ಮಧ್ಯೆ ಗುಡ್ಡೆ ಇರಬಾರದು. ಗುಡ್ಡೆ ಕಂಡರೆ ಇಳಿದು ಕವಲುಗೋಲಿನಿಂದ ಹರಡಿ, ಬೋಲ್ಟ್ ಬದಲಿಸೋದಕ್ಕಿಂತ ಅದು ಬೇಗ ಮುಗಿಯುತ್ತೆ. ಪಿಕಪ್‌ನ ಹಲ್ಲು ನೆಲ ಕೆರೆಯಬಾರದು, ನಾಲ್ಕೈದು ಬೆರಳು ಮೇಲಿರಲಿ. ಪಿಟಿಒ (ಟ್ರ್ಯಾಕ್ಟರ್‌ನಿಂದ ಬೇಲರ್‌ಗೆ ಶಕ್ತಿ ಕೊಡೋ ಶಾಫ್ಟ್) ನಿಮಿಷಕ್ಕೆ 540 ಸುತ್ತು ಬಿಡದೆ, ಲೋ ಗೇರ್‌ನಲ್ಲಿ ಗಂಟೆಗೆ 3–4 ಕಿ.ಮೀ. ಹೋಗಿ. ಲೋಡ್ ಬಿತ್ತು ಅಂತ ಥ್ರಾಟಲ್ ಇಳಿಸಿದರೆ ದಂಟು ಒತ್ತೋ ಪ್ಲಂಜರ್ ನಿಧಾನವಾಗಿ, ಬಾಯಿ ಇನ್ನೂ ಬೇಗ ಕಟ್ಟಿಕೊಳ್ಳುತ್ತೆ.

ಪ್ರಶ್ನೆ: ದಂಟು ಒಣಗಿದೆ ಅಂತ ಹೇಗೆ ಗೊತ್ತಾಗುತ್ತೆ? ಎಲೆ ಗರಿಗರಿ ಇದೆ.

ಉತ್ತರ: ಎಲೆ ನಂಬಬೇಡಿ. ಬುಡದಿಂದ ಎರಡನೇ ಗಿಣ್ಣಿನ ಹತ್ತಿರ ದಂಟು ತಿರುಚಿ ಮುರಿಯಿರಿ. ಒಳಗಿನ ಬೆಂಡು ಥರ್ಮೋಕೋಲ್ ಥರ ಒಣಗಿರಬೇಕು. ಬೆರಳಿಗೆ ಪಸೆ ಹತ್ತಿದರೆ ಇನ್ನೂ ಬಿಸಿಲು ಬೇಕು. ತೇವ ಶೇ. 20 ದಾಟಿದ ಪೆಂಡಿ ಬಣವೆಯಲ್ಲಿ ಬಿಸಿಯಾಗಿ ಬೂಸ್ಟು ಹಿಡಿಯುತ್ತೆ, ಅದನ್ನು ದನಕ್ಕೆ ಹಾಕೋ ಹಾಗಿಲ್ಲ. ಬೆಳಿಗ್ಗೆ ಇಬ್ಬನಿ ಆರುವವರೆಗೂ ಮಷಿನ್ ಇಳಿಸಬೇಡಿ.

ಪ್ರಶ್ನೆ: ಬೋಲ್ಟ್ ಮುರಿಯುತ್ತೆ ಅಂತ ಡ್ರೈವರ್ ಗಟ್ಟಿ ಬೋಲ್ಟ್ ಹಾಕಿದ್ದಾನೆ. ಕಟ್ಟಿಕೊಂಡರೆ ಪಿಟಿಒ ಓಡುವಾಗಲೇ ದಂಟು ಎಳೆಯುತ್ತಾನೆ.

ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ. ಆ ಬೋಲ್ಟ್ ಇರೋದೇ ಮುರಿಯೋಕೆ. ಅದು ಮುರಿಯದಿದ್ದರೆ ಗೇರ್‌ಬಾಕ್ಸೋ ಪೆಂಡಿಗೆ ದಾರ ಹಾಕೋ ಸೂಜಿಯೋ ಮುರಿಯುತ್ತೆ. ಕಂಪನಿ ಹೇಳಿದ ಗ್ರೇಡಿನದೇ ಹಾಕಿ.

ಕೈಯಿಂದ ಎಳೆಯೋದು ಇನ್ನೂ ಕೆಟ್ಟದ್ದು. ಸಿಕ್ಕಿದ್ದ ದಂಟು ಸಡಿಲಾದ ಕೂಡಲೇ ಮಷಿನ್ ಅದನ್ನು ಒಳಗೆಳೆದುಕೊಳ್ಳುತ್ತೆ, ಹಿಡಿದ ಕೈ ಬಿಡೋಷ್ಟು ಹೊತ್ತು ಸಿಗಲ್ಲ. ಕಟ್ಟಿಕೊಂಡರೆ ಹೀಗೆ ಮಾಡಿ: ಗಾಡಿ ನಿಲ್ಲಿಸಿ, ಪಿಟಿಒ ಬಿಡಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ಜೇಬಿಗೆ ಹಾಕಿಕೊಳ್ಳಿ. ಪಿಟಿಒ ಬಿಡಿಸಿದ ಮೇಲೂ ಬೇಲರ್‌ನ ಫ್ಲೈವೀಲ್ (ಭಾರದ ಚಕ್ರ) ಸುತ್ತುತ್ತಿರುತ್ತೆ, ಪೂರ್ತಿ ನಿಲ್ಲೋವರೆಗೂ ಹತ್ತಿರ ಹೋಗಬೇಡಿ. ಆಮೇಲೆ ಕಬ್ಬಿಣದ ಕೊಕ್ಕೆಯಿಂದ ಹೊರಗಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಬ್ಬರು ಫ್ಲೈವೀಲ್ ತಿರುಗಿಸುವಾಗ ಇನ್ನೊಬ್ಬರ ಕೈ ಒಳಗಿರಬಾರದು, ದಾರಕ್ಕೆ ಗಂಟು ಹಾಕೋ ನಾಟರ್ ಚಾಲೂ ಆದರೆ ಸೂಜಿಗಳು ಮೇಲೆ ಬರುತ್ತವೆ. ಟವೆಲ್, ಸೆರಗು, ಜೋತಾಡೋ ಲುಂಗಿ ಯಾವುದೂ ಪಿಟಿಒ ಶಾಫ್ಟ್ ಹತ್ತಿರ ಸುಳಿಯಬಾರದು. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಬದಲಿಸಿದ ಮೇಲೇ ಹೊಲಕ್ಕೆ ಇಳಿಸಿ.

ಪ್ರಶ್ನೆ: ಬೆಂಕಿ ಭಯ ಇದೆಯಾ?

ಉತ್ತರ: ಇದೆ. ಒಣ ಎಲೆ ಬೇರಿಂಗ್ ಸುತ್ತ ಕೂತು ಕಾದರೆ ಹತ್ತಿಕೊಳ್ಳುತ್ತೆ. ದಿನಕ್ಕೆರಡು ಸಲ ಮಷಿನ್ ನಿಲ್ಲಿಸಿ ಕಸ ಊದಿ, ಶಾಫ್ಟಿಗೆ ಸುತ್ತಿದ ದಾರ ಕತ್ತರಿಸಿ, ಗ್ರೀಸ್ ಹೊಡೆಯಿರಿ. ಟ್ರ್ಯಾಕ್ಟರ್‌ನಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಡಿ, ಹೊಲದ ಬದಿಯಲ್ಲಿ ಒಂದು ಡ್ರಮ್ ನೀರು ಇರಲಿ.