ಅಪ್‌ಡೇಟ್: ಕಾರಿಲ್ಲದೆ ಸೋಮ್ ನದಿ ಕಣಿವೆ ಸುತ್ತಿ ಬಂದೆವು

ಉತ್ತರ ಫ್ರಾನ್ಸಿನ ಸೋಮ್ ಕಣಿವೆಯನ್ನು ಕಾರಿಲ್ಲದೆ 3 ದಿನದಲ್ಲಿ ನೋಡಬಹುದಾ ಅಂತ ಕೇಳಿದ್ದೆನಲ್ಲ, ನೋಡಿ ಬಂದೆವು!

ಹಳ್ಳಿ ಬಸ್ಸಿನ ಸಲಹೆ ಮಾತ್ರ ಕೈಕೊಟ್ಟಿತು. ಭಾನುವಾರ ಒಂದೂ ಬರಲಿಲ್ಲ, ಸುಮ್ನೆ ಒಂದು ಗಂಟೆ ನಿಂತಿದ್ದೇ ಬಂತು. ಕೆಲಸಕ್ಕೆ ಬಂದಿದ್ದು "ಅಮಿಯೆನ್‌ನಿಂದ ಅಬ್ಬೆವಿಲ್‌ಗೆ ರೈಲು, ಅಲ್ಲಿಂದ ಸೈಕಲ್" ಅಂದವರ ಮಾತು. ಅಲ್ಲಿಂದ ಸಮುದ್ರದ ಕಡೆಗೆ ಕಾಲುವೆ ಗೆರೆ ಎಳೆದ ಹಾಗೆ ನೇರವಾಗಿದೆ, ದಂಡೆಯ ದಾರಿಯಲ್ಲಿ ಏರೇ ಇಲ್ಲ, ನನ್ನಂಥ ಸೋಮಾರಿಯೂ ಸುಮಾರು 15 ಕಿ.ಮೀ. ತುಳಿದು ಸೇಂಟ್ ವಲೆರಿ ಮುಟ್ಟಿದೆ. ಎದುರುಗಾಳಿ ಮಾತ್ರ ಜಾಸ್ತಿ. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡ್ ಗೆಲ್ಲಲು ಹಡಗು ಹತ್ತಿದ್ದು ಈ ಊರಿಂದಲೇ. ಹಳೇ ಕೋಟೆಬಾಗಿಲು ಇನ್ನೂ ನಿಂತಿದೆ. ಮರುದಿನ ಹಬೆ ರೈಲಲ್ಲಿ ಕೊಲ್ಲಿ ಸುತ್ತಿ ಲೆ ಕ್ರೊಟುವಾಗೆ ಹೋದೆವು.

ನಡುವೆ ನೊಯೆಲ್‌ನಲ್ಲಿ ಇಳಿದದ್ದೇ ಒಳ್ಳೆಯದಾಯಿತು. ಹತ್ತಿರದ ನೊಲೆಟ್ ಹಳ್ಳಿಯ ಹೊಲಗಳ ನಡುವೆ ಚೀನೀ ಸ್ಮಶಾನ! ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಕೂಲಿಗೆ ಕರೆತಂದವರ 800ಕ್ಕೂ ಹೆಚ್ಚು ಸಮಾಧಿಗಳು. ಇದನ್ನು ಯಾರೂ ಹೇಳಿರಲಿಲ್ಲ ಅಲ್ವಾ?

ಸಸ್ಯಾಹಾರಿಗಳೇ, ಫಿಸೆಲ್ ಪಿಕಾರ್ಡ್ ಅನ್ನೋದು ದೋಸೆ ಥರ ಕಂಡರೂ ಒಳಗೆ ಹಂದಿಮಾಂಸ ಇರುತ್ತೆ. ಕೇಳಿಯೇ ತಿನ್ನಿ.