ಕೇಳುವವರು ಕಡಿಮೆಯಾದರು: ಆಂಟೆನಾಕ್ಕೆ ದುಡ್ಡು ಹಾಕೋದಾ, ಮೊಬೈಲಿಗೆ ಹೋಗೋದಾ?

ಅಂಕೋಲಾ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವಳು. ನಮ್ಮೂರಿನ ಟ್ರಸ್ಟಿನವರು ಬಂದು "ಅಕ್ಕೋರೇ, ಒಂದೆರಡು ತಿಂಗಳು ನಮ್ಮ ಸಮುದಾಯ ರೇಡಿಯೋ ನೋಡಿಕೊಳ್ಳಿ" ಅಂದರು. ಈಗ ಐದನೇ ವರ್ಷ.

ಸ್ಟೇಷನ್ ಅಂದರೆ ಹಂಚಿನ ಮನೆಯ ಒಂದು ಕೋಣೆ. ದನಿ ಗುಂಯ್ ಅನ್ನದಿರಲಿ ಅಂತ ಗೋಡೆಗೆ ಹಳೆ ಹಾಸಿಗೆ ಹೊಡೆದಿದ್ದೇವೆ. 50 ವ್ಯಾಟಿನ ಟ್ರಾನ್ಸ್‌ಮಿಟರ್, ಹಿತ್ತಲಲ್ಲಿ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಆಂಟೆನಾ. ಬೆಳಿಗ್ಗೆ 6ರಿಂದ 9, ಸಂಜೆ 5ರಿಂದ 8. ಸಂಬಳ ತೆಗೆದುಕೊಳ್ಳುವವರು ಇಬ್ಬರು. ನಾನು ಮೂರನೆಯವಳು, ನನಗೆ ಚಹಾ.

ಬೆಳಿಗ್ಗೆ ಮೊದಲು ಸಮುದ್ರದ ಸುದ್ದಿ. ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರು ಕೊಡುವ ಅಲೆಯ ಎತ್ತರ, ಹವಾಮಾನ ಇಲಾಖೆಯ ಗಾಳಿಯ ಎಚ್ಚರಿಕೆ. ಆಮೇಲೆ ಮೀನು ಪೇಟೆಯ ರೇಟು. ಕಿಲೋ ಲೆಕ್ಕ ಅಲ್ಲ, ನೂರು ರೂಪಾಯಿಗೆ ಎಷ್ಟು ಬಂಗಡೆ ಅಂತ. ಸಂಜೆ ತಾಳಮದ್ದಲೆ, ಹಾಲಕ್ಕಿ ಒಕ್ಕಲಿಗರ ಹಾಡು, ಕೊಂಕಣಿಯಲ್ಲಿ ಅರ್ಧ ಗಂಟೆ, ಮಕ್ಕಳ ಮಗ್ಗಿ. ಮಗ್ಗಿ ನನ್ನ ಹಟ, ಒಪ್ಪಿಕೊಳ್ಳುತ್ತೇನೆ.

ಈಗ ವಿಷಯ. ಶಾಲೆಯ ಅಭ್ಯಾಸ ಬಿಡದು, ಬರುವ ಫೋನುಗಳಿಗೆ ಒಂದು ಹಾಜರಿ ಪುಸ್ತಕ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ಸಂಜೆಯ ಮೂರು ಗಂಟೆಯಲ್ಲಿ 25, 30 ಫೋನು ಬರುತ್ತಿದ್ದವು. ಈಗ ಆರೋ ಏಳೋ. ಅದೂ ಪೇಟೆಯೊಳಗಿನವರದ್ದೇ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲೇ ಇರುತ್ತವಲ್ಲ, ಆಗ ಬಲೆ ಹೆಣೆಯುತ್ತ ಕೂತವರು ಅದು ಹಾಕಿ, ಇದು ಹಾಕಿ ಅಂತ ತಲೆ ತಿನ್ನುತ್ತಿದ್ದರು. ಈ ಸಲ ಆ ಎರಡು ತಿಂಗಳೂ ಸಪ್ಪೆ.

ಟ್ರಸ್ಟಿನ ಸಭೆಯಲ್ಲಿ ಒಬ್ಬರು ಹೇಳಿದರು, ಈಗ ರೇಡಿಯೋ ಯಾರು ಕೇಳ್ತಾರೆ, ಎಲ್ಲ ಮೊಬೈಲಿಗೆ ಹೋದರು, ನಾವೂ ಹೋಗೋಣ ಅಂತ. ನನಗೂ ಹೌದೇನೋ ಅನಿಸಿತು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ 20 ಹೆಂಗಸರ ಮೊಬೈಲ್ ತೆಗೆಸಿ ನೋಡಿದೆ. ಎಫ್‌ಎಂ ಇದ್ದದ್ದು 11ರಲ್ಲಿ. ಅದಕ್ಕೂ ಇಯರ್‌ಫೋನಿನ ವೈರು ಚುಚ್ಚಬೇಕು, ವೈರೇ ಆಂಟೆನಾ. ಚೀಲದಲ್ಲಿ ವೈರು ಇದ್ದದ್ದು ಮೂವರ ಹತ್ತಿರ.

ಆದರೆ ಇನ್ನೊಂದು ಮಾತೂ ಮರೆಯಲಾರೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆ ವಾರ ನಮ್ಮ ಕಡೆ ಕರೆಂಟು ಹೋಗಿಬಂದು ಮಾಡುತ್ತಿತ್ತು, ಮೊಬೈಲ್ ಸಿಗ್ನಲ್ಲೂ ಹಾಗೆಯೇ. ನಾವು ಬ್ಯಾಟರಿ ಮೇಲೆ ಕೂತು ಯಾವ ರಸ್ತೆ ಬಂದ್, ಗಂಗಾವಳಿ ನೀರು ಎಷ್ಟು ಏರಿದೆ ಅಂತ ಹೇಳಿದ್ದೇ ಹೇಳಿದ್ದು. ಆಗ ಸೆಲ್ಲು ಹಾಕುವ ಸೆಟ್ಟು ಇದ್ದವರೇ ಊರಿಗೆ ದೊಡ್ಡವರು.

ಖಾತೆಯಲ್ಲಿ ಇರುವುದು 85 ಸಾವಿರ. ಹೊಸ ಆಂಟೆನಾ, ಕೇಬಲ್ಲಿಗೆ ಒಬ್ಬರು 80 ಸಾವಿರ ಹೇಳಿದ್ದಾರೆ. ಆ್ಯಪ್ ಮಾಡಿಕೊಡುತ್ತೇನೆ ಅಂತ ಬಂದ ಹುಡುಗ 60 ಸಾವಿರ. ಎರಡೂ ಆಗುವುದಿಲ್ಲ. ನಡೆಸಿದವರು, ಕೇಳುವವರು ಯಾರಾದರೂ ಹೇಳಿ.

ಕೋಡಿಬಾಗದ ಹುಡುಗ, ಈಗ ಬೆಂಗಳೂರು

ಅಕ್ಕೋರೇ, ಆ್ಯಪಿಗೆ ಯಾಕೆ 60 ಸಾವಿರ? ಯೂಟ್ಯೂಬಿಗೆ ಹಾಕಿ, ಪುಕ್ಕಟೆ. ಕಾರವಾರ ಬಿಟ್ಟು ಬಂದ ನಮ್ಮಂಥವರೂ ಕೇಳಬಹುದು.

ರೇಡಿಯೋ ಬಿಟ್ಟವಳು

ನಾನು ಬಯಲುಸೀಮೆಯಲ್ಲಿ ಇಂಥದೇ ಸ್ಟೇಷನ್ ಆರು ವರ್ಷ ನಡೆಸಿದವಳು. ಯೂಟ್ಯೂಬ್ ಪುಕ್ಕಟೆ ಹೌದು, ಆದರೆ ಸಿನಿಮಾ ಹಾಡು ಇರುವ ಕಾರ್ಯಕ್ರಮ ಹಾಗೇ ಏರಿಸಿದರೆ ಹಕ್ಕಿನ ತಕರಾರು ಬರುತ್ತದೆ. ನಿಮ್ಮದೇ ರೆಕಾರ್ಡಿಂಗ್ ಮಾತ್ರ ಹಾಕಿ. ಆ ಲೆಕ್ಕದಲ್ಲಿ ನಿಮ್ಮ ಹಾಲಕ್ಕಿ ಹಾಡುಗಳು ಚಿನ್ನ. ಅವನ್ನು ಹಾಡುತ್ತಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಮೈಕು ಹಿಡಿದು ಓಡಿದರು. 2025ರ ಫೆಬ್ರವರಿಯಲ್ಲಿ ಅವರು ಹೋದರು. ಅದೇ ಹಾಡುಗಳನ್ನು ಬಲ್ಲ ಬೇರೆ ಅಜ್ಜಿಯರು ಇದ್ದಾರಲ್ವಾ? ಅವರನ್ನು ಈಗಲೇ ಕೂರಿಸಿ. ಹಾಡಿದವರ ಒಪ್ಪಿಗೆ ಮಾತ್ರ ಬರೆಸಿಕೊಳ್ಳಿ, ಸಂಭಾವನೆ ಕೊಡಿ, ಎರಡು ಸೀರೆಯಾದರೂ.

ಇನ್ನು ದುಡ್ಡು. ನಿಮ್ಮ ಪ್ರಶ್ನೆಯಲ್ಲಿ ಜಾಹೀರಾತಿನ ಹೆಸರೇ ಇಲ್ಲ, ಅದೇ ನನಗೆ ಆಶ್ಚರ್ಯ. 2024ರ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು 7 ಇತ್ತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. ಗುಣಿಸಿ ನೋಡಿದರೆ ಗಂಟೆಗೆ 5,328 ರೂಪಾಯಿ. ನಾನೂ ಗುಣಿಸಿದ್ದೆ! ಕಾಗದದ ಮೇಲೆ ಮಾತ್ರ. ಸರ್ಕಾರಿ ಜಾಹೀರಾತು ಬಂದಾಗ ಬಂತು, ಅದರ ದುಡ್ಡು ಇನ್ನೂ ತಡ. ಸ್ಟೇಷನ್ನಿನ ಕರೆಂಟ್ ಬಿಲ್ಲು ಕಟ್ಟಿದ್ದು ಪೇಟೆಯ ಎಣ್ಣೆ ಗಿರಣಿ, ಶಾಮಿಯಾನದವ, ಬಟ್ಟೆ ಅಂಗಡಿ. ನಿಮ್ಮಲ್ಲಿ ಬಂಡಿಹಬ್ಬ ಇದೆ, ಬಲೆ ಮಾರುವವರಿದ್ದಾರೆ, ಐಸ್ ಫ್ಯಾಕ್ಟರಿ ಇರಬೇಕು. ತಿಂಗಳಿಗೆ 500 ರೂಪಾಯಿ ಅಂತ ಒಂದು ದರ ಮಾಡಿ ನಡೆದುಕೊಂಡೇ ಹೋಗಿ ಕೇಳಿ. ಅಕ್ಕೋರು ಬಾಗಿಲಿಗೆ ಬಂದರೆ ಇಲ್ಲ ಅನ್ನುವವರು ಕಡಿಮೆ.

ಕೇಳುವವರನ್ನು ಹೆಚ್ಚಿಸಲು ಊರ ಪಂಚಾಯ್ತಿ ಜಗಳವನ್ನು ಸುದ್ದಿ ಮಾಡಲು ಮಾತ್ರ ಹೋಗಬೇಡಿ. ನಿಯಮದಂತೆ ಸಮುದಾಯ ರೇಡಿಯೋಗೆ ಸುದ್ದಿ ಅಂದರೆ ಆಕಾಶವಾಣಿಯ ಸುದ್ದಿ, ಅದೂ ಒಂದಕ್ಷರ ಬದಲಿಸದೆ. ರಸ್ತೆ, ಮಳೆ, ಕರೆಂಟು, ಪರೀಕ್ಷೆ ಇದೆಲ್ಲ ಹೇಳಬಹುದು. ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ತೆಗೆದಿಡುತ್ತಿದ್ದೀರಿ ತಾನೇ?

ಗಂಗಾವಳಿ ದಡದವ

ಅಕ್ಕೋರೇ, ನಾನು ಮಂಜಗುಣಿಯವ. ನಿಮ್ಮ ಹತ್ತಿರ ಐದನೇತ್ತೆ ಓದಿದ್ದೇನೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮಗ್ಗಿ ಕೇಳ್ತೀರಿ.

ನಾವು ಕೇಳುವುದು ಬಿಟ್ಟಿಲ್ಲ. ನೀವೇ ಬರುವುದಿಲ್ಲ. ಹೋದ ವರ್ಷ ಚೌತಿ ಹೊತ್ತಿಗೆ ಶುರುವಾಯಿತು. ಮಳೆ ಹೊಡೆದ ದಿನ ಬರೀ ಗೊರಗೊರ. ನಾಲ್ಕು ದಿನ ಬಿಸಿಲು ಬಿದ್ದರೆ ಸ್ವಲ್ಪ ಮಾತು ಕೇಳುತ್ತದೆ. ನನ್ನ ಸೆಟ್ಟೇ ಹಾಳಾಯಿತು ಅಂತ ಹೊಸದು ತಂದೆ. ಅದರಲ್ಲೂ ಅದೇ ಹಾಡು. ಮನೆಯಲ್ಲಿ ಬೈಸಿಕೊಂಡೆ.

ಮೊಬೈಲಲ್ಲಿ ಕೇಳಿ ಅನ್ನುವವರು ಒಂದು ದಿನ ದೋಣಿಗೆ ಬನ್ನಿ. ಬಲೆ ಎಳೆಯುವ ಕೈಯೆಲ್ಲ ಲೋಳೆ, ಮೊಬೈಲ್ ಹೇಗೆ ಒತ್ತುವುದು? ಸಣ್ಣ ಸೆಟ್ಟಿಗೆ ಪ್ಲಾಸ್ಟಿಕ್ ಕಟ್ಟಿ ನೇತು ಹಾಕಿದರೆ ಅದರಷ್ಟಕ್ಕೆ ಅದು ಮಾತಾಡುತ್ತಿರುತ್ತದೆ.

ಘಟ್ಟದ ಮೇಲಿನ ರಿಪೇರಿಯವ

ನಾನು ಶಿರಸಿಯವನು. 35 ವರ್ಷ ರೇಡಿಯೋ, ಟಿವಿ ರಿಪೇರಿ, ಆಮೇಲೆ ಕೆಲವು ಸ್ಟೇಷನ್ನುಗಳ ಟ್ರಾನ್ಸ್‌ಮಿಟರ್ ಕೆಲಸ. ಆ ಮಂಜಗುಣಿ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಮಳೆಗೆ ಹಾಳು, ಬಿಸಿಲಿಗೆ ಸರಿ. ಇದು ಮೊಬೈಲಿನ ಕಾಟ ಅಲ್ಲವೇ ಅಲ್ಲ ಮಾರಾಯ್ರೆ, ನೀರಿನ ಕಾಟ.

ಅಕ್ಕೋರೇ, 80 ಸಾವಿರ ಹಾಗೇ ಇರಲಿ. ಮೊದಲು ಟ್ರಾನ್ಸ್‌ಮಿಟರಿನ ಮುಖದ ಮೇಲೆ ಎರಡು ಅಂಕೆ ತೋರಿಸುತ್ತದೆ ನೋಡಿ. ಒಂದು ಫಾರ್ವರ್ಡ್, ಆಂಟೆನಾ ಕಡೆ ಹೋಗುವ ಪವರ್. ಇನ್ನೊಂದು ರಿಫ್ಲೆಕ್ಟೆಡ್, ಹೋದದ್ದರಲ್ಲಿ ತಿರುಗಿ ಬಂದದ್ದು. ಎರಡನ್ನೂ ಇಲ್ಲಿ ಬರೆಯಿರಿ.

ಅಂಕೋಲಾ ಅಕ್ಕೋರು

ಫಾರ್ವರ್ಡ್ 18. ರಿಫ್ಲೆಕ್ಟೆಡ್ 6. ಐದು ವರ್ಷದಿಂದ ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದೇನೆ, ಈ ಅಂಕೆ ಓದಿದ್ದು ಇವತ್ತೇ. ಹಸಿರು ದೀಪ ಇದ್ದರೆ ಸರಿ ಅಂದುಕೊಂಡಿದ್ದೆ.

ಘಟ್ಟದ ಮೇಲಿನ ರಿಪೇರಿಯವ

50 ಇರಬೇಕಾದದ್ದು 18. ಅದರಲ್ಲೂ ಆರು ವಾಪಸ್. ಹೀಗೆ ಪವರ್ ತಿರುಗಿ ಬಂದರೆ ಟ್ರಾನ್ಸ್‌ಮಿಟರ್ ತಾನು ಸುಟ್ಟುಹೋಗಬಾರದು ಅಂತ ತಾನೇ ಪವರ್ ಇಳಿಸಿಕೊಳ್ಳುತ್ತದೆ. ಕಂಬದ ಹತ್ತಿರ ಇರುವ ಪೇಟೆಯವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಂಚಿನಲ್ಲಿರುವವರು ಮೊದಲು ಹೋಗುತ್ತಾರೆ. ನಿಮ್ಮ ಹಾಜರಿ ಪುಸ್ತಕ ತೆಗೆದು ಯಾವ ಊರಿನ ಫೋನು ಯಾವಾಗ ನಿಂತಿತು ನೋಡಿ, ಇದೇ ಕಥೆ ಇರುತ್ತದೆ.

ಒಂದು ಪರೀಕ್ಷೆ ಮಾಡಿ. ಟ್ರಾನ್ಸ್‌ಮಿಟರ್ ಪೂರ್ತಿ ಆಫ್ ಮಾಡಿ, ಆಮೇಲೆ ಹಿಂದಿನ ಆಂಟೆನಾ ಕೇಬಲ್ ಬಿಚ್ಚಿ. ಆನ್ ಇರುವಾಗ ಬಿಚ್ಚಿದರೆ ಟ್ರಾನ್ಸ್‌ಮಿಟರೇ ಹೋಗಬಹುದು. ಆ ಜಾಗಕ್ಕೆ 50 ಓಮಿನ ಡಮ್ಮಿ ಲೋಡ್ ಹಾಕಿ ಆನ್ ಮಾಡಿ. ಆಂಟೆನಾದ ಬದಲು ಪವರನ್ನು ನುಂಗಿ ಬಿಸಿಯಾಗುವ ಸಾಮಾನು ಅದು, ನಿಮ್ಮ ಯಾವುದೋ ಕಪಾಟಿನ ಮೂಲೆಯಲ್ಲಿ ಇರಬೇಕು. ಆಗ ಫಾರ್ವರ್ಡ್ 50 ತೋರಿಸಿ ರಿಫ್ಲೆಕ್ಟೆಡ್ ಸೊನ್ನೆ ಆದರೆ ಪೆಟ್ಟಿಗೆ ಗಟ್ಟಿಯಾಗಿದೆ. ರೋಗ ಕೇಬಲ್ಲಿನಲ್ಲಿ, ಇಲ್ಲವೇ ತುದಿಯ ಜೋಡಣೆಯಲ್ಲಿ.

ಕರಾವಳಿಯಲ್ಲಿ ನೂರಕ್ಕೆ ತೊಂಬತ್ತು ಸಲ ಜೋಡಣೆಯೇ. ಉಪ್ಪು ಗಾಳಿ, ಮೇಲೆ ಮಳೆ. ಕನೆಕ್ಟರಿಗೆ ಸಾದಾ ಕಪ್ಪು ಟೇಪು ಸುತ್ತಿ ಇಳಿದು ಬಂದಿರುತ್ತಾರೆ, ಅದು ಎರಡೇ ಬೇಸಿಗೆಗೆ ಬಿರಿಯುತ್ತದೆ. ನಿಮಗೆ ಬೇಕಾದದ್ದು ಎಳೆದು ಸುತ್ತಿದರೆ ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಟೇಪು. ಕೆಳಗಿನಿಂದ ಮೇಲಕ್ಕೆ ಸುತ್ತಿಸಿ, ಹಂಚು ಹೊದಿಸಿದ ಹಾಗೆ, ನೀರು ಜಾರಿ ಹೋಗಲಿ. ಕೇಬಲ್ ಕೋಣೆಯೊಳಗೆ ಬರುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಿಸಿ. ಇಲ್ಲವಾದರೆ ನೀರು ಕೇಬಲ್ಲಿನ ಮೇಲೇ ಸವಾರಿ ಮಾಡಿ ಟ್ರಾನ್ಸ್‌ಮಿಟರಿನ ತನಕ ಬರುತ್ತದೆ.

ಕಂಬ ಹತ್ತುವವನಿಗೆ ಸೊಂಟದ ಬೆಲ್ಟು ಇರಲಿ. ಗುಡುಗು ಕೇಳಿದರೆ ಆ ದಿನ ಬೇಡ.

ರೇಡಿಯೋ ಬಿಟ್ಟವಳು

ನಾನು ದುಡ್ಡಿನ ಪುರಾಣ ಹೇಳಿದೆ, ಇವರು ಹಂಚು ಹೊದಿಸಿದರು. ನಮ್ಮ ಸ್ಟೇಷನ್ನಿನಲ್ಲೂ ಆ ಅಂಕೆಗಳನ್ನು ನಾನು ಒಂದು ಸಲವೂ ಓದಿಲ್ಲ. ಈಗ ಏನೇನೋ ಅನುಮಾನ ಬರುತ್ತಿದೆ.

ಅಂಕೋಲಾ ಅಕ್ಕೋರು

ಹನ್ನೊಂದು ದಿನ ಆಯಿತು, ಮಳೆ ಬಿಡಲಿ ಅಂತ ಕಾದೆವು.

ಡಮ್ಮಿ ಲೋಡ್ ಸಿಕ್ಕಿತು. ಐದು ವರ್ಷದಿಂದ ಅದನ್ನು ಕಿಟಕಿ ಬಾಗಿಲಿಗೆ ಅಡ್ಡ ಇಟ್ಟಿದ್ದೆವು, ಗಾಳಿಗೆ ಬಡಿಯದಿರಲಿ ಅಂತ. ಅದನ್ನು ಹಾಕಿದರೆ ಫಾರ್ವರ್ಡ್ 50, ರಿಫ್ಲೆಕ್ಟೆಡ್ ಸೊನ್ನೆ. ನಿನ್ನೆ ತೆಂಗಿನಕಾಯಿ ಕೊಯ್ಯುವ ನಮ್ಮ ಹುಡುಗನನ್ನು ಬೆಲ್ಟು ಕಟ್ಟಿ ಹತ್ತಿಸಿದೆವು. ಮೇಲಿನ ಜೋಡಣೆ ಬಿಚ್ಚಿದ ಕೂಡಲೇ ಅವನು "ಅಕ್ಕೋರೇ, ನೀರು" ಅಂದ. ಅರ್ಧ ಚಮಚದಷ್ಟು ಅಂತೆ. ಒಳಗಿನ ತಾಮ್ರವೆಲ್ಲ ಕಿಲುಬು ಹಿಡಿದು ಹಸಿರು. ಹಾಳಾದ ಎರಡು ಅಡಿ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆವು. ಬೇರೆ ಸ್ಟೇಷನ್ನಿನ ಒಬ್ಬರು ವೀಡಿಯೋ ಕಾಲಿನಲ್ಲಿ ಕೂತು ಒಂದೊಂದೇ ಹೇಳಿಕೊಟ್ಟರು. ನೋಡಿದಿರಾ, ಮೊಬೈಲ್ ಇದಕ್ಕಾದರೂ ಬಂತು. ಟೇಪು, ಕನೆಕ್ಟರ್, ಹತ್ತಿದವನ ಕೂಲಿ ಸೇರಿ 2,350 ರೂಪಾಯಿ.

ಈಗ ಫಾರ್ವರ್ಡ್ 49, ರಿಫ್ಲೆಕ್ಟೆಡ್ ಒಂದೂ ಇಲ್ಲ. ಎರಡು ಅಂಕೆಗೂ ಹಾಜರಿ ಪುಸ್ತಕದಲ್ಲಿ ಒಂದೊಂದು ಗೀಟು ಎಳೆದಿದ್ದೇನೆ, ದಿನಾ ಬರೆಯುವುದು.

ರಿಪೇರಿಯವರು ಹೇಳಿದ ಹಾಗೆ ಪುಸ್ತಕ ತಿರುವಿದೆ. ಮೊದಲು ನಿಂತದ್ದು ಮಂಜಗುಣಿ, ಆಮೇಲೆ ಬೇಲೆಕೇರಿಯ ಆಚೆಯವರು, ಕೊನೆಗೆ ಬೆಳಂಬಾರ. ಊರಿನ ಹೆಸರನ್ನು ನಾನೇ ಸಾಲಾಗಿ ಬರೆದಿಟ್ಟು, ನಾನೇ ಓದಿರಲಿಲ್ಲ. ಹಿಲ್ಲೂರಿನ ಕಡೆ ನಮ್ಮ ದನಿ ಮೊದಲಿನಿಂದಲೂ ಇಲ್ಲ, ನಡುವೆ ಗುಡ್ಡ. ಅದಕ್ಕೆ ಏನೂ ಮಾಡುವ ಹಾಗಿಲ್ಲ. ಆ ಕಡೆಯವರಿಗೆ ಅಂತ ಅಜ್ಜಿಯರ ಹಾಡು ಯೂಟ್ಯೂಬಿಗೆ ಹಾಕುವುದು ಅಂತ ಒಪ್ಪಿದ್ದೇವೆ. ಆ್ಯಪ್ ಬೇಡ. ಉಳಿದ ದುಡ್ಡಿನಲ್ಲಿ ಬ್ಯಾಟರಿ ಬದಲಿಸಬೇಕು ಅಂತ ನನ್ನ ವಾದ. ಟ್ರಸ್ಟಿನ ಒಬ್ಬರಿಗೆ ಕೋಣೆಗೆ ಬಣ್ಣ ಹೊಡೆಸಬೇಕಂತೆ. ಭಾನುವಾರ ಸಭೆ.

ಮೂರು ತಿಂಗಳು ತೆಗೆದಿಡುತ್ತೀರಾ ಅಂತ ಕೇಳಿದ ತಂಗೀ, ಹೌದು, ತೆಗೆದಿಡುತ್ತೇವೆ. ಐಸ್ ಫ್ಯಾಕ್ಟರಿಗೆ ನಾಳೆ ಹೋಗುತ್ತೇನೆ.

ಇವತ್ತು ಬೆಳಿಗ್ಗೆ 6.40ಕ್ಕೆ ಮಂಜಗುಣಿಯಿಂದ ಮೊದಲ ಫೋನು. ಯಾರೋ ಮೀನು ಮಾರುವ ಹೆಂಗಸು. ದನಿ ಚೆನ್ನಾಗಿ ಬರುತ್ತಿದೆಯಾ ಅಂತ ಆಸೆಯಿಂದ ಕೇಳಿದೆ. "ದನಿ ಬರ್ತದೆ ಅಕ್ಕೋರೇ, ಆದರೆ ನೀವು ಹೇಳಿದ್ದು ನಿನ್ನೆ ರೇಟು. ಇವತ್ತು ನೂರಕ್ಕೆ ಎಂಟೇ ಬಂಗಡೆ. ನಿಮ್ಮ ಮಾತು ಕೇಳಿ ಎಲ್ಲರೂ ಹತ್ತು ಕೊಡು ಅಂತ ಕೂತಿದ್ದಾರೆ, ಬೇಗ ಸರಿ ಮಾಡಿ ಹೇಳಿ" ಅಂದಳು.