ಕಿಡಕಿ ಕಟ್ಟಿಗಿ ಗಾದಿ ಹೊಲೀಬೇಕಾಗ್ಯದ, ಗೊತ್ತಿದ್ದವ್ರು ಹೇಳ್ರಿ

ಎಲ್ಲರಿಗೂ ನಮಸ್ಕಾರ್ರಿ, ನಾವು ಕಲಬುರಗಿಯವ್ರು. ಹಾಲಿನ್ಯಾಗ ಕಿಡಕಿ ಕೆಳಗ ಕೂಡ್ಲಾಕ ಒಂದು ಕಟ್ಟಿ ಅದ, ಮ್ಯಾಲ ಶಹಾಬಾದ ಫರ್ಸಿ, 54 ಇಂಚ್ ಉದ್ದ 20 ಇಂಚ್ ಅಗಲ. ಅದಕ್ಕ ಗಾದಿ ನಾನೇ ಹೊಲೀಬೇಕಂತ ಮಾಡೀನಿ, ಕಾಲ್ ಮಷೀನ್ ಅದ, ಬ್ಲೌಸ್ ತಲದಿಂಬಿನ ಕವರ್ ಎಲ್ಲಾ ಹೊಲೀತೀನಿ ಖರೆ, ಇಂಥ ಬಾಕ್ಸ್ ಟೈಪ್ ಕವರ್ (ಮ್ಯಾಲೊಂದು ಕೆಳಗೊಂದು ತುಂಡು, ನಡುವ ಸುತ್ತ ಪಟ್ಟಿ) ಮಾತ್ರ ಎಂದೂ ಹೊಲ್ದಿಲ್ಲ.

ಫೋಮ್ 3 ಇಂಚ್ ಸಾಕೋ 4 ಬೇಕೋ? ಮಾವನವ್ರು ಮಧ್ಯಾಹ್ನ ಪೂರ್ತಿ ಅಲ್ಲೇ ಪೇಪರ್ ಓದ್ಕೋತ ಕೂಡ್ತಾರ, ಲಗೂನ ತಗ್ಗು ಬೀಳಬಾರದಂತ 40 ಡೆನ್ಸಿಟಿದೇ ತರೋಣ ಅಂತ ನನ್ನ ವಿಚಾರ.

ಮುಖ್ಯ ಡೌಟ್ ಕಟಿಂಗ್‌ದು. ಒಬ್ರು ಫೋಮಿನ ಅಳತಿ ಮ್ಯಾಲ ಸುತ್ತ ಅರ್ಧ ಇಂಚ್ ಹೊಲಿಗಿಗೆ ಬಿಡು ಅಂತಾರ, ಇನ್ನೊಬ್ರು ಏನೂ ಬಿಡಬ್ಯಾಡ ಫೋಮಿನಷ್ಟೇ ಕತ್ತರಿಸು, ಬಿಗಿ ಕೂತ್ರ ಸುಕ್ಕು ಬೀಳಂಗಿಲ್ಲ ಅಂತಾರ, ಯಾವ್ದು ಬರೋಬ್ಬರಿ? ಝಿಪ್ ಹಿಂದಿನ ಪಟ್ಟಿಗೆ ಹಾಕಿ ಎರಡೂ ಮೂಲಿ ದಾಟಿಸಿ 3-4 ಇಂಚ್ ಒಯ್ದ್ರ ಫೋಮ್ ತುರುಕೋದು ಸಲೀಸಂತ, ಹಂಗ ಮಾಡಿದವ್ರು ಇದ್ರ ಒಂದು ಫೋಟೋ ಹಾಕ್ರಿ.

ರೆಕ್ಸಿನ್ ಅಂತೂ ಬ್ಯಾಡ್ರೆಪ್ಪಾ, ನಮ್ಮ ಬ್ಯಾಸಿಗ್ಯಾಗ 40 ಡಿಗ್ರಿ ದಾಟ್ತದ, ಮೈಗಿ ಅಂಟ್ತದ. ದಪ್ಪ ಕಾಟನ್ ತಂದು ಮೊದಲ ನೀರಿಗಿ ಹಾಕಿ ಒಣಗಿಸಿಯೇ ಕತ್ತರಿಸ್ತೀನಿ, ಆಮ್ಯಾಲ ಕುಗ್ಗಬಾರದು. ಪಶ್ಚಿಮದ ಬಿಸಲು ನೆಟ್ಟಗ ಬೀಳ್ತದ, ಬಣ್ಣ ಹೋಗಲಾರದಂಥ ಬಟ್ಟಿ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡಿ ಎಲ್ಲಿ ಸಿಗ್ತದ? ದಪ್ಪ ಬಟ್ಟಿಗಿ 16 ನಂಬರ್ ಸೂಜಿ ಸಾಕಲ್ರಿ?

ನಮ್ಮತ್ತಿ ಒಂದು ಕೌದಿ ಮಡಚಿ ಹಾಕಿದ್ರ ಮುಗೀತು ಅಂತಾರ, ಅದನ್ನ ಮಾತ್ರ ಯಾರೂ ಹೇಳಬ್ಯಾಡ್ರಿ 😄